ದೊಡ್ಡವ್ವ ತಿಕ್ಕಿದ ಕಾರು

ಡ್ರೈವರ್ ಕೆಲಸ ಮಾಡುವವನು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ರಸ್ತೆ ಬದಿಯಲ್ಲಿ ನಿಂತು, ಕೈ ಅಡ್ಡ ಹಿಡಿದು, ಗಾಡಿ ಹತ್ತಿಕೊಳ್ಳುತ್ತವೆ. ದಾವಣಗೆರೆಯ ಒಬ್ಬ ಹತ್ತಿ ಸಾಹುಕಾರರ ಕಾರು ಓಡಿಸುತ್ತಿದ್ದ ಕಾಲದಲ್ಲಿ ನನ್ನ ಗಾಡಿಗೆ ಅಂಥವು ಬೇಕಾದಷ್ಟು ಹತ್ತಿಕೊಂಡವು. ಆದರೆ ಆ ಕಾರಿಗೆ ಹೊಳಪು ತರಿಸಲು ಹೋಗಿ ಪಟ್ಟ ಫಜೀತಿಯ ಮುಂದೆ ಉಳಿದವೆಲ್ಲ ಸಪ್ಪೆ.

ಐವತ್ತರ ದಶಕ ಮುಗಿಯುತ್ತಿದ್ದ ಸಮಯ ಅದು. ನಮ್ಮದು ಕಪ್ಪು ಬಣ್ಣದ ಹಳೆಯ ವಿಲಾಯತಿ ಕಾರು. ಕಪ್ಪು ಅಂತ ನಾವು ಹೇಳಬೇಕು, ನೋಡಿದವರಿಗೆ ಅದು ಬೂದಿ ಬಣ್ಣವಾಗಿ ಕಾಣುತ್ತಿತ್ತು. ಪೆಟ್ರೋಲು ಕುಡಿಯುವುದರಲ್ಲಿ ಮಾತ್ರ ಅದರ ಹರೆಯ ಹೋಗಿರಲಿಲ್ಲ. ಒಂದು ದಿನ ಸಾಹುಕಾರರು ನನ್ನನ್ನು ಕರೆದು, “ಕಾರು ಮಾರ್ತೀನಪ್ಪ. ಹರಿಹರದ ಅಕ್ಕಿ ಗಿರಣಿಯೋರು ಬರೋ ವಾರ ನೋಡಾಕೆ ಬರ್ತಾರೆ. ಅಷ್ಟ್ರಾಗೆ ಅದು ಹೊಸಾದ್ರಂಗೆ ಹೊಳೀಬೇಕು” ಎಂದರು.

ಕಾರು ಮಾರಿದರೆ ನನ್ನ ಕೆಲಸವೂ ಹೋಯಿತು. ಎಷ್ಟೋ ವರ್ಷ ಲಾರಿ ಕ್ಲೀನರ್ ಆಗಿ ಮಸಿ ತಿಂದು, ಆಮೇಲೆ ಸಿಕ್ಕಿದ ಸ್ಟಿಯರಿಂಗು ಅದು. ಈಗ ನಾನೇ ಅದನ್ನು ತಿಕ್ಕಿ ತೊಳೆದು ಇನ್ನೊಬ್ಬರಿಗೆ ಒಪ್ಪಿಸಬೇಕು. ಮನೆಗೆ ಬಂದು ಹೇಳಿದರೆ ಹೆಂಡತಿ, “ಕಾರು ಒರೆಸ್ರಿ ಅಂದ್ರೆ ನಿಮ್ಮ ಕೆಲಸಾನೇ ಒರೆಸ್ಕಂಡು ಬಂದ್ರಲ್ಲ” ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಪುಕ್ಕಟೆ ಸಿಕ್ಕಿದ್ದು

ಹೊಳಪಿನ ಸಾಮಾನಿಗೆಂದು ಸಾಹುಕಾರರು ಐದು ರೂಪಾಯಿಯ ಒಂದು ನೋಟು ಕೊಟ್ಟು, “ಉಳಿದದ್ದು ವಾಪಸ್ ತಾ” ಎಂದರು. ಅವರು ಜಿಪುಣರಲ್ಲ. ಕಾರಿಗೆ ಸ್ನಾನ ಮಾಡಿಸಲು ಇಷ್ಟಕ್ಕಿಂತ ಹೆಚ್ಚು ಏಕೆ ಬೇಕು ಎಂಬುದು ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ನನಗೂ ಅರ್ಥವಾಗುತ್ತಿರಲಿಲ್ಲ. ಲಾರಿ ತೊಳೆದು ಗೊತ್ತೇ ಹೊರತು ಕಾರು ಹೊಳೆಸಿ ಗೊತ್ತಿರಲಿಲ್ಲ.

ಪೂನಾ-ಬೆಂಗಳೂರು ರಸ್ತೆಯಲ್ಲಿದ್ದ ಮೋಟಾರು ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ಸಾಬರು ಬಹಳ ಮರ್ಯಾದಸ್ಥರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಗಾಜಿನ ಬೀರುವಿನಿಂದ ಒಂದೊಂದೇ ತೆಗೆದು ಇಟ್ಟರು. ಮೈಗೆ ಹಚ್ಚುವ ಪಾಲಿಶ್ ಬೇರೆ, ಬಿಳಿ ಲೋಹ ತಿಕ್ಕುವ ಪಾಲಿಶ್ ಬೇರೆ, ಗಾಜಿಗೆ ಬೇರೆ, ಟಯರಿಗೆ ಬೇರೆ. ಕೊನೆಗೆ ಬೆಣ್ಣೆಯಷ್ಟು ಮೆತ್ತಗಿನ ಚರ್ಮದ ತುಂಡೊಂದನ್ನು ತೆಗೆದು, “ಇದು ಒರೆಸಾಕೆ” ಎಂದರು. ನನ್ನ ಹೆಂಡತಿಗೂ ಅಷ್ಟು ಬಗೆಯ ಶೃಂಗಾರದ ಸಾಮಾನು ನಾನು ಕೊಡಿಸಿರಲಿಲ್ಲ.

“ಸಾಬ್ರೇ, ಐದು ರೂಪಾಯಿ ಒಳಗೆ ಇದ್ರಾಗೆ ಏನ್ ಬರ್ತೈತ್ರಿ?” ಎಂದೆ.

ಸಾಬರು ಬೇಸರ ಮಾಡಿಕೊಳ್ಳಲಿಲ್ಲ. ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. “ಮಜಬೂತ್ ಮಾಲು. ಐದ್ರಾಗೆ ಇದರ ವಾಸ್ನೆ ಬರ್ತೈತೆ. ತಗೊಳ್ರಿ, ಅದೂ ಪುಕ್ಕಟೆ” ಎಂದರು.

ಆಮೇಲೆ ಅವರೇ ಒಂದು ಸೋಪಿನ ಗಟ್ಟಿಯನ್ನೂ ಮಿಲ್ಲಿನ ಹತ್ತಿ ವೇಸ್ಟಿನ ಗಂಟನ್ನೂ ಕಟ್ಟಿಕೊಟ್ಟು, ಚಿಲ್ಲರೆ ಎಣಿಸಿ, ಬಾಗಿಲವರೆಗೆ ಬಂದು, “ನಾಳೆ ಬಂದ್ರೂ ವಾಸ್ನೆ ಇರ್ತೈತೆ, ಬರ್ರಿ” ಎಂದರು.

ಹೊಳೆಯಲ್ಲಿ ಸ್ನಾನ

ಮರುದಿನ ಸಾಹುಕಾರರ ಕೆಲಸದ ಮೇಲೆ ಹರಿಹರಕ್ಕೆ ಹೋಗಿದ್ದವನು, ಸೇತುವೆಯ ಕೆಳಗೆ ಲಾರಿಗಳನ್ನು ತೊಳೆಯುತ್ತಿದ್ದ ಕಡೆ ಕಾರು ಇಳಿಸಿದೆ. ಪಕ್ಕದಲ್ಲೇ ಮಡಿವಾಳರೊಬ್ಬರು ಬಟ್ಟೆ ಒಗೆಯುತ್ತಿದ್ದರು. ನನ್ನ ಸೋಪು ನೊರೆ ಬರುವ ಮೊದಲೇ ಕರಗಿ ಹೋಯಿತು. ಅವರಿಗೆ ಕನಿಕರ ಬಂತು.

“ಇಂಥಾ ಕೊಳೆಗೆ ಸೋಪು ಆಗಲ್ಲ ತಮ್ಮಾ” ಎಂದು ಬೋಗುಣಿಯ ತುಂಬ ಸೋಡಾ ಕಲಸಿದ ನೀರು ಕೊಟ್ಟರು. ನಾನು ಅದನ್ನು ಬಾನೆಟ್ಟಿನ ಮೇಲೆ ಸುರಿದು ತಿಕ್ಕಿದೆ. ಕೊಳೆ ಹೋಯಿತು. ಸಂತೋಷದಿಂದ ಇನ್ನಷ್ಟು ತಿಕ್ಕಿದೆ. ಆಮೇಲೆ ಕೈಯಲ್ಲಿದ್ದ ಬಟ್ಟೆ ನೋಡಿದರೆ ಕರ್ರಗಾಗಿದೆ. ಕೊಳೆ ಬೂದಿ ಬಣ್ಣದ್ದು, ಕಪ್ಪು ಮಾತ್ರ ಕಾರಿನದು!

“ಅಣ್ಣಾ, ಬಣ್ಣ ಬಿಡ್ತೈತಲ್ಲೋ!” ಎಂದು ಕೂಗಿಕೊಂಡೆ.

ಅವರು ಒಗೆಯುವುದನ್ನು ನಿಲ್ಲಿಸಿ ಬಂದು, ಬಟ್ಟೆಯನ್ನು ಬೆಳಕಿಗೆ ಹಿಡಿದು, ತಮ್ಮ ಕಸುಬಿನ ಗಾಂಭೀರ್ಯದಿಂದಲೇ ತೀರ್ಪು ಕೊಟ್ಟರು. “ಹೆದರಬ್ಯಾಡ. ಹೊಸಾದು ಮೊದಲ ಒಗೆತಕ್ಕೆ ಬಣ್ಣ ಬಿಡೋದೇ. ಇನ್ನೊಂದು ಸಲ ಹಾಕು, ನಿಂತ್ಕಂತೈತೆ.”

ಸಾಹುಕಾರರ ಉಪಾಯ

ಬಾನೆಟ್ಟಿನ ಮೇಲೆ ಮಚ್ಚೆ ಮಚ್ಚೆಯಾದದ್ದನ್ನು ಸಾಹುಕಾರರು ನೋಡಿದರು. ಬೈಯಲಿಲ್ಲ. ಅವರ ದೊಡ್ಡ ಗುಣ ಅದು. ಕಷ್ಟ ಬಂದಾಗ ಬೈಯುವ ಬದಲು ಉಪಾಯ ಹುಡುಕುತ್ತಿದ್ದರು. ಉಪಾಯಕ್ಕಿಂತ ಬೈಗುಳವೇ ಅಗ್ಗವಾಗುತ್ತಿತ್ತು ಎಂದು ನಮಗೆ ಆಮೇಲೆ ಅನ್ನಿಸುತ್ತಿತ್ತು, ಅಷ್ಟೆ.

“ಬೂಟಿಗೆ ಹಚ್ಚೋ ಕರಿ ಪಾಲಿಶ್ ತಾರೋ. ಅದೂ ಕಪ್ಪು, ಇದೂ ಕಪ್ಪು. ಚರ್ಮಕ್ಕೆ ಹೊಳಪು ಕೊಡೋದು ತಗಡಿಗೆ ಕೊಡಲ್ವಾ?” ಎಂದರು.

ಹಚ್ಚಿದೆವು. ನಿಜ ಹೇಳಬೇಕೆಂದರೆ ನೆರಳಿನಲ್ಲಿ ಚೆನ್ನಾಗಿಯೇ ಹೊಳೆಯಿತು. ಆ ಹುರುಪಿನಲ್ಲಿ ಸಾಹುಕಾರರು ಹತ್ತಿ ಮಾರ್ಕೆಟ್ಟಿಗೆ ಕಾರು ಒಯ್ಯಲು ಹೇಳಿದರು. ಅಲ್ಲಿ ಬಿಸಿಲು ಏರಿತು, ಪಾಲಿಶ್ ಕರಗಿತು. ನಮ್ಮ ಕಾರು ನಿಂತಲ್ಲೆಲ್ಲ ಜನ ಅದಕ್ಕೆ ಒರಗಿಕೊಂಡು ರೇಟು ಮಾತಾಡುವುದು ವಾಡಿಕೆ. ಆ ದಿನವೂ ಒರಗಿದರು. ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಓಡಾಡುವ ಬಿಳಿ ಅಂಗಿಗಳ ಬೆನ್ನೆಲ್ಲ ಕಪ್ಪು. ದಲಾಲರೊಬ್ಬರ ಪಂಚೆಯ ಮೇಲೆ ನಮ್ಮ ಬಾಗಿಲಿನ ಹಿಡಿಕೆಯ ಗುರುತು ಮುದ್ರೆ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿತ್ತು.

ಇವತ್ತು ನನ್ನ ಕೆಲಸ ಹೋಗಲು ಕಾರು ಮಾರುವವರೆಗೆ ಕಾಯಬೇಕಾಗಿಲ್ಲ ಎಂದುಕೊಂಡೆ. ಸಾಹುಕಾರರು ಒಂದು ಸುತ್ತು ಎಲ್ಲರ ಬೆನ್ನು ನೋಡಿಕೊಂಡು ಬಂದು, ನನ್ನ ಕಿವಿಯಲ್ಲಿ, “ಒಳ್ಳೇದೇ ಆತು ಬಿಡೋ. ಹರಿಹರದೋರು ಬ್ಯಾಡ ಅಂದ್ರೆ ಇನ್ಯಾರಿಗೆ ಈ ಕಾರಿನ ಮ್ಯಾಲೆ ಆಸೆ ಐತೆ ಅಂತ ಕೇಳೋದೇ ಬ್ಯಾಡ, ಬೆನ್ನು ನೋಡಿದ್ರೆ ಸಾಕು” ಎಂದರು.

ದೊಡ್ಡವ್ವನ ಬುಟ್ಟಿ

ಸಾಹುಕಾರರ ತಾಯಿಯನ್ನು ಮನೆಯವರೂ ನಾವೂ ದೊಡ್ಡವ್ವ ಎನ್ನುತ್ತಿದ್ದೆವು. ಮಾಯಕೊಂಡದ ಕಡೆಯ ಮಗಳು. ಕಾರು ಬಂದಾಗ, “ಈ ಕರೀ ಕೋಣ ಯಾಕ ಬೇಕಿತ್ತು?” ಎಂದಿದ್ದವರು. ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಒಮ್ಮೆ ಅದರಲ್ಲಿ ಹೋಗಿ ಬಂದ ಮೇಲೆ ಆ ಮಾತು ನಿಂತಿತ್ತು. ಅಂಗಳದಲ್ಲಿ ನಾನು ಸೀಮೆಎಣ್ಣೆ ಹಾಕಿ ಬೂಟಿನ ಪಾಲಿಶ್ ತೆಗೆಯುತ್ತಿದ್ದಾಗ ಅವರು ಬಂದು, ಹತ್ತಿ ವೇಸ್ಟನ್ನು ಹಿಸುಕಿ ನೋಡಿ, ಅದರೊಳಗಿಂದ ಮುರಿದ ಹತ್ತಿಬೀಜವೊಂದನ್ನು ಎತ್ತಿ ಹಿಡಿದರು.

“ಇದ್ರಾಗೆ ತಿಕ್ಕಿದ್ರೆ ಕಾರಿನ ಮೈ ಗೀರದೆ ಇನ್ನೇನಾಗ್ತೈತೆ? ಅತ್ತ ಸರಿ.”

ಆಮೇಲೆ ನಾನು ಕಂಡದ್ದು ಒಂದು ವಿದ್ಯೆಯೇ ಸರಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿಯೊಂದನ್ನು ತಂದು ಇಟ್ಟರು. ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡುಗಳು. ಎಣ್ಣೆ ಜಿಡ್ಡಿಗೆ ಕಡಲೆಹಿಟ್ಟು. ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಯಿಂದ ತರಿಸಿದ ಜೇನುಮೇಣ, ಹೆಂಗಸರು ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚಿಕೊಳ್ಳುತ್ತಾರಲ್ಲ, ಅದೇ. ಸಾಬರ ಬೀರುವಿನಲ್ಲಿ ಇದ್ದದ್ದೆಲ್ಲ ಅಡಿಗೆಮನೆಯ ವೇಷದಲ್ಲಿ ಆ ಬುಟ್ಟಿಯಲ್ಲಿ ಕೂತಿತ್ತು. ನನ್ನ ಕೈಯಲ್ಲಿ ಉಳಿದಿದ್ದ ಚಿಲ್ಲರೆಯಲ್ಲೂ ಅವರು ಒಂದಿಷ್ಟು ಉಳಿಸಿದರು.

ನಾನು ಚಕ್ರ ಒರೆಸಿದ ಬಟ್ಟೆಯನ್ನೇ ಬಾಗಿಲಿಗೆ ಹಾಕಲು ಹೋದೆ. ಕೈಮೇಲೆ ಒಂದು ಏಟು ಬಿತ್ತು. “ಕಾಲು ಒರೆಸಿದ ಅರಿವೀಲಿ ಮುಖ ಒರೆಸ್ಕಂತೀಯೇನೋ?” ನೀರು ಕೆಳಗಿಂದ ಎರಚಿದೆ. “ಕೂಸಿಗೆ ಎರೆಯೋವಾಗ ತಲೆಯಿಂದ ಹಾಕ್ತಾರೋ, ಕಾಲಿಂದಲೋ?” ಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ, ಮೊದಲು ಹಿಂದಿನ ಚಕ್ರದ ಮೇಲಿನ ತಗಡಿನಲ್ಲಿ ಯಾರಿಗೂ ಕಾಣದ ಕಡೆ ಚೂರು ಹಚ್ಚಿ, ಒಣಗಿದ ಮೇಲೆ ಮೂಸಿ, ಮುಟ್ಟಿ ನೋಡಿ, ಆಮೇಲೆ ಮೈಗೆಲ್ಲ ಹಚ್ಚಿದರು. ಕಣ್ಣಿಗೆ ಕಾಣದಷ್ಟು ತೆಳ್ಳಗೆ. ಬಾನೆಟ್ಟಿನ ಮಚ್ಚೆಗಳೂ ಆ ಹೊಳಪಿನಲ್ಲಿ ಮುಚ್ಚಿಹೋದವು.

ದೀಪಗಳ ಸುತ್ತಿನ ಬಿಳಿ ಲೋಹಕ್ಕೆ ಮಾತ್ರ ಏನೂ ಹತ್ತಲಿಲ್ಲ. ದೊಡ್ಡವ್ವ ಒಳಗೆ ಹೋಗಿ ವಿಭೂತಿಯ ಪುಡಿ ತಂದರು. ನಾನು ಗಾಬರಿಯಾಗಿ, “ಅವ್ವಾ, ವಿಭೂತಿನಾ?” ಎಂದೆ.

“ಕೊರಳಾಗಿನ ಲಿಂಗದ ಬೆಳ್ಳಿ ಕರಡಿಗೇನ ನಾನು ಇದ್ರಾಗೇ ತಿಕ್ಕೋದು. ದೇವರ ಮನೆಗೆ ಆಗೋದು ನಿನ್ನ ದೀಪಕ್ಕೆ ಯಾಕ ಆಗಲ್ಲ?” ಎಂದರು.

ತಿಕ್ಕುತ್ತ ತಿಕ್ಕುತ್ತ ನನ್ನನ್ನು ಕೇಳಿದರು. “ಕಾರು ಹೋದ್ ಮ್ಯಾಲೆ ನೀ ಏನ್ ಮಾಡ್ತೀಯೋ?”

“ಮತ್ತೆ ಲಾರಿ ಕ್ಲೀನರ್ ಆಗ್ಬೇಕು, ದೊಡ್ಡವ್ವ.”

ಅವರು ಇನ್ನಷ್ಟು ಜೋರಾಗಿ ತಿಕ್ಕಿದರು. ಆಮೇಲೆ ಮಾತಿನ ಗುಂಗಿನಲ್ಲೋ ಏನೋ, ಕೈಯಲ್ಲಿ ಉಳಿದಿದ್ದ ವಿಭೂತಿಯನ್ನು ರೂಢಿಯ ಪ್ರಕಾರ ಮೂರು ಬೆರಳಿನಿಂದ ಬಾನೆಟ್ಟಿನ ಹಣೆಗೆ ಎಳೆದುಬಿಟ್ಟರು. ಸಂಜೆ ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತರು, ಚಪ್ಪಲಿ ಬಿಟ್ಟರು, ಕಾರಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, “ಪೂಜೆ ಮುಗಿಸ್ಕಂಡು ಕುಂತಂಗೈತೆ. ಇದಕ್ಕೆ ಪ್ರಸಾದದ ಊಟ ಆತಾ?” ಎಂದು ಕೇಳಿದರು.

ಹರಿಹರದವರ ಕರಾರು

ಗಿರಣಿ ಯಜಮಾನರು ಬಸ್ಸಿನಲ್ಲಿ ಬಂದಿಳಿದರು. ಗಟ್ಟಿ ಮನುಷ್ಯ, ತಲೆಗೆ ದೊಡ್ಡ ರುಮಾಲು. ಕಾರಿನ ಸುತ್ತ ಬಂದವರು ಬಾನೆಟ್ಟಿನ ಮುಂದೆ ನಿಂತು, ಅದರಲ್ಲಿ ಮುಖ ನೋಡಿಕೊಂಡು ರುಮಾಲು ಸರಿಮಾಡಿಕೊಂಡರು. ಇನ್ನು ಇದು ಮಾರಿದಂತೆಯೇ.

“ಸಾಹುಕಾರ್ರೇ, ರೇಟಿನಾಗೆ ತಕರಾರಿಲ್ಲ” ಎಂದರು. “ಓಡ್ಸಾಕೆ ನಮ್ಮ ಅಳಿಯ ಅದಾನೆ, ಡ್ರೈವರ್ ಬ್ಯಾಡ. ಆದ್ರೆ ಈ ಹೊಳಪು ನಮ್ಮೋರ ಕೈಯಾಗೆ ಉಳಿಯಲ್ಲ. ಅದ್ಕೇ ಒಂದೇ ಕರಾರು. ಇದನ್ನ ತಿಕ್ಕಿದ ಆಳು ಯಾರೈತೆ, ಅದನ್ನೂ ಕಾರಿನ ಜೊತೆಗೇ ಕಳಿಸ್ರಿ. ಇಲ್ಲಾಂದ್ರೆ ನನಗೆ ಕಾರೂ ಬ್ಯಾಡ.”

ಸಾಹುಕಾರರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು. “ಆ ಆಳು ನಾನೇ ಕಣಪ್ಪ. ಗಂಟು ಕಟ್ಕಂಡು ಬರ್ತೀನಿ, ನಿಂದ್ರು.”

ತಮಾಷೆ ಅಂದುಕೊಂಡೆವು. ಒಳಗೆ ಹೋದ ದೊಡ್ಡವ್ವ ನಿಜವಾಗಿಯೂ ಬಟ್ಟೆಯ ಗಂಟು ಹಿಡಿದೇ ಹೊರಗೆ ಬಂದರು. ಯಜಮಾನರು ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, “ತಪ್ಪಾತ್ರಿ ಅವ್ವಾ, ಗೊತ್ತಿರ್ಲಿಲ್ಲ” ಎಂದು ಬಗ್ಗಿದರು.

“ತಪ್ಪೇನು ಬಂತು? ವ್ಯಾಪಾರ ಅಂದ್ ಮ್ಯಾಲೆ ವ್ಯಾಪಾರ. ಕರಾರು ಹಾಕಿದೋನು ನೀನೇ. ಕಾರಿನ ಜೊತೆ ನಾನು, ನಾನು ಇಲ್ಲಾಂದ್ರೆ ಕಾರೂ ಇಲ್ಲ.” ಆಮೇಲೆ ಮಗನ ಕಡೆ ತಿರುಗಿ, “ಏನಪ್ಪ, ಕಳಿಸ್ತೀಯಾ?” ಎಂದರು.

ಸಾಹುಕಾರರು ತಾಯಿಯನ್ನೂ ಗಂಟನ್ನೂ ನೋಡಿದರು. “ಕಾರು ಮಾರಲ್ಲವ್ವ. ಗಂಟು ಒಳಗಿಡು” ಎಂದರು.

“ಹಂಗಾರೆ ಓಡ್ಸೋನೂ ಇರ್ಬೇಕಾಗ್ತೈತೆ” ಎಂದರು ದೊಡ್ಡವ್ವ. ನನ್ನ ಕಡೆ ನೋಡಲೇ ಇಲ್ಲ. ನನಗೆ ಕಣ್ಣು ತುಂಬಿ ಬಂತು. ಅಂಥ ಹೆಂಗಸನ್ನು ನಾನು ಆಮೇಲೆ ಕಂಡಿಲ್ಲ.

ಬಂದ ನೆಂಟರನ್ನು ಬಸ್ಸಿಗೆ ನಡೆಸುವುದು ದೊಡ್ಡವ್ವನಿಗೆ ಒಪ್ಪಿಗೆಯಾಗಲಿಲ್ಲ. “ಪಾಪ, ಬರೀಗೈಲಿ ಹೊಂಟೈತೆ. ಹರಿಹರಕ್ಕೆ ಬಿಟ್ಟು ಬರಾಣ ನಡಿ” ಎಂದು ತಾವೂ ಹಿಂದಿನ ಸೀಟಿನಲ್ಲಿ ಕೂತರು. ಯಜಮಾನರು ದಾರಿಯುದ್ದಕ್ಕೂ ಬೇಡ ಬೇಡವೆಂದರು. ಯಾಕೆಂದು ಅವರ ಮನೆ ಮುಂದೆ ನಿಂತಾಗಲೇ ತಿಳಿದದ್ದು. ಬಾಗಿಲಿಗೆ ತೋರಣ. ಅಂಗಳದ ತುಂಬ ಬಂಧುಬಳಗ. ಕಾರಿನ ಸದ್ದು ಕೇಳಿದ್ದೇ ತಡ, ಯಜಮಾನರ ಹೆಂಡತಿ ಆರತಿ ತಟ್ಟೆ ಹಿಡಿದು ಓಡಿ ಬಂದರು. ಹೊಸ ಕಾರು ಓಡಿಸಬೇಕೆಂದು ಸಿಂಗರಿಸಿಕೊಂಡಿದ್ದ ಅಳಿಯ, ಮಾವ ಬಾಯಿ ತೆರೆಯುವ ಮೊದಲೇ ಚಕ್ರದ ಮುಂದೆ ತೆಂಗಿನಕಾಯಿ ಒಡೆದೇಬಿಟ್ಟ.

ಯಜಮಾನರು ಇಳಿಯಲಾರದೆ, ಕೂರಲಾರದೆ ಒದ್ದಾಡುತ್ತಿದ್ದರು. ದೊಡ್ಡವ್ವ ಕಿಟಕಿಯ ಗಾಜು ಇಳಿಸಿ, ಆರತಿಗೆ ಕೈ ಮುಗಿದು, ಬಹಳ ಪ್ರೀತಿಯಿಂದ ಹೇಳಿದರು.

“ಬೆಳಗ್ರಿ ತಾಯಿ, ಬೆಳಗ್ರಿ, ಸಂಕೋಚ ಬ್ಯಾಡ. ಕಾರು ನಮ್ದೇ. ಕಾಯಿ ಹೆಂಗೂ ಒಡೆದಾಗೈತೆ, ಒಂದು ಹೋಳು ಇತ್ತ ಕೊಡ್ರಿ, ನಾಳೆ ಚಟ್ನಿಗಾಗ್ತೈತೆ.”