ಕಾಲೇಜಿಗೆ ಬಾರದ ಮೇಷ್ಟ್ರು

ಮಾಡಬೇಕಾದ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ ಆರಾಮಾಗಿ ಕೂರುವುದರಲ್ಲಿರುವ ಸುಖ, ಅದನ್ನು ಮಾಡಿ ಮುಗಿಸುವುದರಲ್ಲಿ ಇಲ್ಲ. ತರಕಾರಿ ತರುವುದನ್ನು ನಾನು ಹೆಂಡತಿಗೆ ವಹಿಸಿದ್ದೇನೆ. ತಂದ ಬೆಂಡೆಕಾಯಿ ಬಲಿತಿದೆ ಎಂದು ಹೇಳುವುದನ್ನಷ್ಟೇ ನನ್ನಲ್ಲಿ ಉಳಿಸಿಕೊಂಡಿದ್ದೇನೆ. ಇಂಥ ನನಗೆ, ಕೆ.ಆರ್. ನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವಾಗ ‘ಡೆಲಿಗೇಟ್’ ಎಂಬ ಅಧ್ಯಾಯ ಅಚ್ಚುಮೆಚ್ಚಾದದ್ದು ಸಹಜವೇ. ಪ್ರೋಗ್ರಾಮಿನಲ್ಲಿ ಒಂದೊಂದು ಕೆಲಸಕ್ಕೂ ಮೆಥಡ್ ಎಂಬ ಒಂದೊಂದು ಸೂಚನೆಗಳ ಕಟ್ಟು ಇರುತ್ತದೆ. ಡೆಲಿಗೇಟ್ ತಾನಾಗಿ ಏನೂ ಮಾಡುವುದಿಲ್ಲ. ಯಾವ ಮೆಥಡ್ಡನ್ನು ಕರೆಯಬೇಕೆಂದು ನೆನಪಿಟ್ಟುಕೊಂಡಿರುತ್ತದೆ, ಅಷ್ಟೇ. ನಾವು ಅದನ್ನು ಕರೆದರೆ, ಅದು ತನಗೆ ಸೇರಿಸಿದ ಮೆಥಡ್ಡುಗಳನ್ನೆಲ್ಲ, ಎಷ್ಟು ಸಲ ಸೇರಿಸಿದ್ದರೆ ಅಷ್ಟು ಸಲ ಕರೆಯುತ್ತದೆ.

“ಹುಡುಗ್ರು ಕ್ಲಾಸಿಗೆ ಚಕ್ಕರ್ ಹೊಡೀತಾವ್ರೆ. ಮನೆಯವ್ರಿಗೆ ಮೆಸೇಜ್ ಹೋಗೋ ಹಂಗೆ ಏನಾದ್ರೂ ಮಾಡಿ ಮೇಷ್ಟ್ರೇ,” ಎಂದರು ಪ್ರಿನ್ಸಿಪಾಲರು. ಡೆಲಿಗೇಟ್ ಇರುವಾಗ ನನಗೇನು ಕಷ್ಟ ಎಂದು ಒಪ್ಪಿಕೊಂಡೆ. ಪ್ರೋಗ್ರಾಮ್ ಬರೆದು, ಪರೀಕ್ಷೆ ಮಾಡಲು ವಿದ್ಯಾರ್ಥಿಯ ಜಾಗದಲ್ಲಿ ನನ್ನ ಹೆಸರನ್ನೂ ಪೋಷಕರ ಜಾಗದಲ್ಲಿ ಮಿರ್ಲೆಯ ತವರಿಗೆ ಹೋಗಿದ್ದ ಹೆಂಡತಿಯ ನಂಬರನ್ನೂ ಹಾಕಿ ಗುಂಡಿ ಒತ್ತಿದೆ. ಮೆಸೇಜ್ ಹೋದ ಗುರುತು ಕಾಣಲಿಲ್ಲ. ಮತ್ತೆ ಒತ್ತಿದೆ. ಸಿಟ್ಟು ಬಂದು ಇನ್ನಷ್ಟು ಒತ್ತಿದೆ. ಗುಂಡಿ ಒತ್ತಿದಾಗಲೆಲ್ಲ ಮೆಸೇಜ್ ಕಳಿಸುವ ಅದೇ ಮೆಥಡ್ಡನ್ನು ಡೆಲಿಗೇಟಿಗೆ ಹೊಸದಾಗಿ ಸೇರಿಸುವಂತೆ ನಾನೇ ಬರೆದಿದ್ದೆ. ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಫೋನನ್ನು ಸ್ಟಾಫ್ ರೂಮಿನಲ್ಲಿ ಚಾರ್ಜಿಗೆ ಹಾಕಿ, ಡೆಲಿಗೇಟ್ ಪಾಠ ಮಾಡಲು ಠೀವಿಯಿಂದ ಹೊರಟೆ.

ಇತ್ತ ಹೆಂಡತಿಯ ಫೋನಿಗೆ “ಮಹದೇವಸ್ವಾಮಿ ಇಂದು ಕಾಲೇಜಿಗೆ ಬಂದಿಲ್ಲ” ಎಂಬ ಮೆಸೇಜುಗಳು ಒಂದರ ಹಿಂದೊಂದು ಬರತೊಡಗಿದವು. ಬೆಳಿಗ್ಗೆ ಬೈಕಿನಲ್ಲಿ ಹೊರಟ ಗಂಡ ಕಾಲೇಜು ಸೇರಿಲ್ಲ, ಫೋನೂ ಎತ್ತುತ್ತಿಲ್ಲ. ಅವಳು ಅಳುತ್ತಾ ತಂದೆಗೆ ಹೇಳಿದಳು. ಕಬ್ಬಿಗೆ ನೀರು ಕಟ್ಟುತ್ತಿದ್ದ ಮಾವನವರು ಕಾಲಿನ ಕೆಸರನ್ನೂ ತೊಳೆಯದೆ ಸ್ಕೂಟರ್ ಹತ್ತಿದರು.

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹುಡುಗರೆಲ್ಲ ಬಾಗಿಲ ಕಡೆ ತಿರುಗಿದರು. ಮಾವನವರು ಚೌಕಟ್ಟು ಹಿಡಿದು ನಿಂತಿದ್ದರು.

“ಇಲ್ಲೇ ಇದ್ದೀರಲ್ಲ ಅಳಿಯಂದ್ರೆ,” ಎಂದರು. “ಬಂದಿಲ್ಲ, ಬಂದಿಲ್ಲ ಅಂತ ಒಂದೇ ಸಮ ಮೆಸೇಜ್ ಬತ್ತಾ ಅದೆ ಕಣ್ರೀ. ದಾರಿ ಉದ್ದಕ್ಕೂ ನಾಲೆ ಒಳೀಕೆ ಬಗ್ಗಿ ನೋಡ್ಕಂಡ್ ಬಂದೆ.”

ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ನೀರು ಕೊಟ್ಟೆ. “ಒಂದೇ ಕೆಲಸಾನ ಮೇಲಿಂದ ಮೇಲೆ ಸೇರಿಸಿಬಿಟ್ಟಿದ್ದೆ ಮಾವ. ಕರೆದಾಗ ಎಲ್ಲಾ ಒಟ್ಟಿಗೆ ಹೊರಟವು,” ಎಂದು ತಲೆ ತಗ್ಗಿಸಿ ಹೇಳಿದೆ.

“ಬುಡಿ ಅತ್ಲಾಗೆ. ನೀವು ಇದ್ದೀರಲ್ಲ, ಸಾಕು,” ಎಂದರು ಅವರು. ಹಿಂದಿನ ಬೆಂಚಿನಿಂದ ಒಬ್ಬಳು, “ಸಾರ್, ಡೆಲಿಗೇಟ್ ಈಗ ಅರ್ಥ ಆಯ್ತು,” ಎಂದಳು.

ಮೆಥಡ್ಡನ್ನು ಒಂದೇ ಸಲ ಸೇರಿಸುವಂತೆ ತಿದ್ದಿದೆ. ಹೆಂಡತಿ ಮನೆಗೆ ಮರಳಿದ ಮೇಲೆ ಮತ್ತೆ ನನ್ನ ಹೆಸರಿನಲ್ಲೇ ಪರೀಕ್ಷಿಸಿದೆ. ಅವಳಿಂದ ಫೋನು ಬರಲೇ ಇಲ್ಲ. ಸಂಜೆ ಮನೆಗೆ ಬಂದು, “ಮೆಸೇಜ್ ಬರಲಿಲ್ವಾ?” ಎಂದೆ.

ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. “ಬಂತು, ಒಂದೇ ಒಂದು. ಬಂದಿಲ್ಲ ಅಂತ ಬಂದ್ರೆ ನೀವು ಅಲ್ಲೇ ಇದ್ದೀರಿ ಅಂತ ಅರ್ಥ ತಾನೇ?”

ಪ್ರೋಗ್ರಾಮ್ ಈಗ ಸರಿಯಾಗಿದೆ. ಇನ್ನು ನಾನು ನಿಜವಾಗಿಯೂ ಕಾಣೆಯಾದರೆ ಹುಡುಕಿಕೊಂಡು ಬರುವವರು ಮಾತ್ರ ಯಾರೂ ಇಲ್ಲ.