ಅಕ್ಕಿ ಡಬ್ಬಿಯ ಸಾಹೇಬರು

ಇಡೀ ಬಹರೈನಿನಲ್ಲಿ ಸರ್ಕಾರದ ಕಿವಿಗೆ ಸಲಾಂ ಹೊಡೆಯುತ್ತಿದ್ದವನು ನನ್ನ ಅಣ್ಣನೊಬ್ಬನೇ! ಸರ್ಕಾರ ಎಲ್ಲವನ್ನೂ ಕದ್ದು ಕೇಳುತ್ತದೆಂದು ಅವನ ನಂಬಿಕೆ. ಬೀದಿ ಅಂಗಡಿಯ ಫೋನು ಎತ್ತಿದರೆ ಮೊದಲು, "ಕೇಳುತ್ತಿರುವ ಸಾಹೇಬರಿಗೆ ಸಲಾಂ." ಆಮೇಲೆ ಆ ಕಡೆಯವರಿಗೆ ಹಲೋ!

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಅಲ್ಲಿನ ಅರಾದ್ ಎಂಬ ಊರಿನ ಒಂದೇ ಕೋಣೆಯಲ್ಲಿದ್ದೆವು. ಮಾತು ಹೊರಗೆ ಕೇಳಬಾರದೆಂದು ಅವನು ಜನವರಿ ಚಳಿಯಲ್ಲೂ ಗಡಗಡ ಸದ್ದಿನ ಏಸಿ ಹಾಕುತ್ತಿದ್ದ. ಕಂಬಳಿ ಹೊದ್ದು ನಾವು ಆಡುತ್ತಿದ್ದ ಗುಟ್ಟೇನು? ಬೇಳೆ ಮುಗಿದಿದೆ!

"ಬೇಳೆ ವಿಷಯ ಗೊತ್ತಾದ್ರೆ ಸರ್ಕಾರ ಎಂತ ಮಾಡ್ತದೆ ಅಣ್ಣಾ?"

"ಇವತ್ತು ಬೇಳೆ, ನಾಳೆ ನೀನು!"

ಊರಲ್ಲಿದ್ದ ಅಮ್ಮನಿಗೆ ಓದು ಬಾರದು. ಅಣ್ಣ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಶುರುವಿಗೇ, "ಸಾಹೇಬರೇ, ಇದು ತಾಯಿಗೆ. ಮುಂದೆ ಕೇಳಬೇಡಿ." ಊರಿಗೆ ಹೋಗುವವರು ಸಿಗುವವರೆಗೆ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದ. ಅನ್ನ ಮಾಡುತ್ತಿದ್ದವನು ನಾನು! ಎಂಥ ಭದ್ರತೆ!

ನಾನು ಓದಿದ್ದು ಆರನೇ ಕ್ಲಾಸು. ಟೇಪ್ ರೆಕಾರ್ಡರಿನ ಗುಂಡಿ ಒತ್ತಲು ಅಷ್ಟು ಸಾಕಲ್ಲ? ಒಮ್ಮೆ ಒತ್ತಿ ಕೇಳಿದೆ. "ಹುಡುಗಿ ಬೇಡ ಅಂದಳಂತೆ ಅಮ್ಮಾ. ನಂಗೆ ಬೇಜಾರಿಲ್ಲ," ಎಂದವನು ಬಹಳ ಹೊತ್ತು ಮೂಗು ಸೀಟುತ್ತಿದ್ದ. ನಗು ತಡೆಯಲಾರದೆ ಅದನ್ನು ಗೆಳೆಯನೊಬ್ಬನಿಗೆ ಹೇಳಿಬಿಟ್ಟೆ.

ಮರುದಿನ ಕೆಲಸಕ್ಕೆ ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಜೊತೆಯವರು ಅಣ್ಣನಿಗೆ, "ಏನು ಮದುಮಗನೇ, ಮೂಗು ಒರೆಸಿಕೊಂಡ್ಯಾ?" ಎಂದರು. ಅಣ್ಣ ಎದ್ದು ನಿಂತ. "ನೋಡಿದ್ರಾ? ಸರ್ಕಾರ ನನ್ನ ಕ್ಯಾಸೆಟ್ ಕೇಳಿದೆ!" ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು!

ಅಂದಿನಿಂದ ಕ್ಯಾಸೆಟ್ಟು ನಿಂತಿತು. ರಜೆ ಮುಗಿಸಿ ಬಂದವರ ಕೈಯಲ್ಲಿ ಅಮ್ಮ ಹೇಳಿ ಕಳಿಸಿದಳು: "ದೊಡ್ಡವನ ಸ್ವರ ಯಾಕೆ ಬರ್ಲಿಲ್ಲ? ಹುಷಾರುಂಟಲ್ಲ?" ತಪ್ಪು ನನ್ನದೆಂದು ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಒಂದು ತುತ್ತು ಅನ್ನ ಹಾಕಿ ಮುಚ್ಚಿದೆ.

ಬೇಸಗೆಯ ಒಂದು ಮಧ್ಯಾಹ್ನ ಅಕ್ಕಿಗೆ ಕೈ ಹಾಕಿದರೆ ಮತ್ತೆ ಕ್ಯಾಸೆಟ್ಟು! ನನಗೆ ಬುದ್ಧಿ ಬಂದಿತ್ತೆ? ಎಲ್ಲಿಂದ! ಒತ್ತಿದೆ.

"ಸಾಹೇಬರೇ, ಸಲಾಂ. ಕೇಳಿ ಆದ ಮೇಲೆ ಟೇಪು ಹಿಂದೆ ಸುತ್ತಿಡು ಮಾರಾಯ. ಆವತ್ತು ಅರ್ಧದಲ್ಲೇ ಬಿಟ್ಟಿದ್ದಿ. ಸಿಟ್ಟಿತ್ತು, ಈಗಿಲ್ಲ. ಬಸ್ಸಲ್ಲಿ ನಿನ್ನ ಹೆಸರು ಹೇಳಿದ್ರೆ ನಿನ್ನ ಮರ್ಯಾದೆ ಹೋಗ್ತಿತ್ತು. ಸರ್ಕಾರಕ್ಕಾದ್ರೆ ಎಂತ ಆಗ್ಲಿಕ್ಕುಂಟು? ಇನ್ನೊಂದು ಬದಿ ನಿನಗೆ ಅಂತ ಖಾಲಿ ಬಿಟ್ಟಿದ್ದೇನೆ. ಅಮ್ಮನಿಗೆ ನಿನ್ನ ಸ್ವರವೂ ಬೇಕು."

ಕ್ಯಾಸೆಟ್ಟು ಮಗುಚಿ ಹಾಕಿದೆ. ಅಮ್ಮನಿಗೆ ಸರಿಯಾಗಿ ಕೇಳಲೆಂದು ಆ ಉರಿ ಸೆಕೆಯಲ್ಲೂ ಏಸಿ ಆರಿಸಿ, ರೆಕಾರ್ಡಿನ ಕೆಂಪು ಗುಂಡಿ ಒತ್ತಿದೆ.

"ಅಮ್ಮಾ, ಆ ಸಾಹೇಬರು ನಾನೇ."