ಬಾನೆಟ್ಟಿನೊಳಗಿನ ಕರಿ ದಾರ

ನನಗೆ ಅಳು ಬರುವುದಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಬಸ್ಸು ಆಗುವುದಿಲ್ಲ, ನನಗೆ ಅಳು ಆಗುವುದಿಲ್ಲ, ಅಷ್ಟೆ. ಈರುಳ್ಳಿ ಹೆಚ್ಚುವಾಗಲೂ ನನ್ನ ಕಣ್ಣು ಒಣಗಿಕೊಂಡೇ ಇರುತ್ತದೆ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡಾಗ ಅರ್ಧ ಕೊಡಿಗೇನಹಳ್ಳಿ ನಮ್ಮ ಮನೆ ಮುಂದೆ ಕೂತು ಅತ್ತಿತು. ನಾನು ಮಾತ್ರ ಶಾಮಿಯಾನದವನು ಮುರುಕಲು ಕುರ್ಚಿ ತಂದಿದ್ದಾನೆಂದು ಅವನ ಹತ್ತಿರ ಜಗಳಕ್ಕೆ ನಿಂತಿದ್ದೆ. ಆಗ ನನ್ನ ನಾದಿನಿ ಗಂಗಮ್ಮ ಪಕ್ಕದವಳಿಗೆ ಹೇಳಿದಳು, "ನಮ್ಮತ್ತಿಗೆ ಎದೆ ಮಧುಗಿರಿ ಬೆಟ್ಟ ಇದ್ದಂಗೆ ಕಣಮ್ಮ, ಒಂದೇ ಕಲ್ಲು." ನನಗೆ ಕೇಳಿಸಲಿ ಎಂದೇ ಹೇಳಿದ್ದು. ಕೇಳಿಸಿತು. ಕುರ್ಚಿಯ ಜಗಳ ಮುಂದುವರಿಸಿದೆ.

ಅವರು ಬಿಟ್ಟುಹೋದದ್ದು ಒಂದು ಬಿಳಿ ಕಾರು. ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ನಮ್ಮ ಕಡೆಯ ಎಷ್ಟೋ ಮದುಮಕ್ಕಳು, ನೋವು ಶುರುವಾದ ಬಸುರಿಯರು ಆ ಹಿಂದಿನ ಸೀಟಿನಲ್ಲೇ ಕೂತು ಹೋದವರು. ಬೆಳಗ್ಗೆ ಎದ್ದು ಅದರ ಮೈ ಒರೆಸುತ್ತಾ ಅದರ ಜೊತೆ ಮಾತಾಡುತ್ತಿದ್ದರು. ನನ್ನ ಜೊತೆ ಮಾತು ಕಾಫಿ ಕುಡಿದ ಮೇಲೆ, ಅದೂ ಬಿಸಿ ಇದ್ದರೆ ಮಾತ್ರ. ತಣ್ಣಗಿನ ಕಾಫಿ ಕೊಟ್ಟ ದಿನ ಮಧ್ಯಾಹ್ನದವರೆಗೂ ಹೂಂ, ಉಹೂಂ, ಅಷ್ಟರಲ್ಲೇ ಸಂಸಾರ ನಡೆಯುತ್ತಿತ್ತು.

ಅವರ ನಂತರ ಕಾರನ್ನು ಮಗ ನಾಗರಾಜ ತನ್ನ ಅಂಗಡಿಯ ಸಾಮಾನು ತರಲು ಬಳಸುತ್ತಿದ್ದ. ಕೆಲವು ತಿಂಗಳ ಹಿಂದೆ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು. ಅದು ಇಂಜಿನ್ನಿನ ಚಿತ್ರ ಎಂದು ಮಗ ಹೇಳುತ್ತಾನೆ, ನನ್ನ ಕಣ್ಣಿಗೆ ಅದು ಬೀದಿ ನಲ್ಲಿ. ನಲ್ಲಿ ಹತ್ತಿದ್ದೇ ಹತ್ತಿದ್ದು, ಕಾರು ಪೆಟ್ರೋಲನ್ನು ನೀರಿನ ಹಾಗೆ ಕುಡಿಯತೊಡಗಿತು. ಮಧುಗಿರಿಯಲ್ಲಿ ತೋರಿಸಿದ. ಅವರು ಯಾವುದೋ ಸೆನ್ಸರು ಹೋಗಿದೆ ಎಂದು ಹೊಸದು ಹಾಕಿದರು, ದೀಪ ಆರಿತು. ಮಗ ಖುಷಿಯಿಂದ ಹೊರಟ. ಊರ ದಾರಿಯಲ್ಲಿ ಪುರವರ ಬರುವಷ್ಟರಲ್ಲಿ ನಲ್ಲಿ ಮತ್ತೆ ಹತ್ತಿತ್ತು.

"ಸಾಕು ಕಣಮ್ಮ, ಇದುನ್ನ ಗುಜರಿಗೆ ಹಾಕ್ಬುಡಾನ," ಎಂದ ಅವನು ಊಟಕ್ಕೆ ಕೂತಾಗ.

"ಹಾಕ್ಕ. ತಗಡು ತಾನೆ," ಎಂದೆ.

ಎಂದವಳು ತಟ್ಟೆ ಸರಿಸಿದೆ. ಸಾರಿಗೆ ಉಪ್ಪು ಜಾಸ್ತಿ ಎಂದು ಸೊಸೆಯನ್ನು ಬೈದೆ. ಪಾಪ, ಅವಳು ಅವತ್ತು ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ. ಮಾರನೆಯ ಬೆಳಗ್ಗೆ ಮಗನ ಮುಂದೆ ನಿಂತು, "ಸಿರಾದಾಗೆ ಆ ಬಾಷಾ ಅವ್ನಲ್ಲ, ನಿಮ್ಮಪ್ಪ ಅವುನತ್ರಾನೇ ರಿಪೇರಿ ಮಾಡಿಸ್ತಿದ್ದುದ್ದು. ಒಂದ್ಸಲ ತೋರಿಸ್ಬುಡು," ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಇದೇ ಕೊನೆ ಕಣಮ್ಮ. ಅವನ ಕೈಲೂ ಆಗ್ಲಿಲ್ಲ ಅಂದ್ರೆ ಅಲ್ಲಿಂದ ಸೀದಾ ಗುಜರಿಗೇಯ." ನಾನೂ ಬರುತ್ತೇನೆ ಎಂದೆ. ಯಾಕೆ ಎಂದು ಕೇಳಿದ. ಸಿರಾದಲ್ಲಿ ಕಡಲೆಕಾಯಿ ಚೆನ್ನಾಗಿರುತ್ತದೆ ಎಂದೆ. ನಮ್ಮ ಹೊಲದಲ್ಲೇ ಬೆಳೆದ ಕಡಲೆಕಾಯಿ ಮೂಟೆ ಅವನ ಬೆನ್ನ ಹಿಂದೆಯೇ ಇತ್ತು.

ಬಾಷಾ ಕಾರನ್ನು ನೋಡಿದ ಕೂಡಲೇ ಗುರುತು ಹಿಡಿದ. "ಸಲಾಮ್ ಅಮ್ಮಾ. ಚಾಚಾ ಎಲ್ಲಿ, ಬರ್ಲಿಲ್ವಾ?"

"ಸತ್ತೋದ್ರು. ನೀನು ದೀಪ ನೋಡು," ಎಂದೆ.

ಅವನು ಕೈಬಟ್ಟೆಯಿಂದ ಬಾನೆಟ್ಟಿನ ಧೂಳು ಒರೆಸಿದ. ಆಮೇಲೆ ಒಂದು ಚಿಕ್ಕ ಯಂತ್ರವನ್ನು ಕಾರಿಗೆ ಚುಚ್ಚಿ ನೋಡಿ, "ಹೀಟರ್ ಸರ್ಕೀಟ್ ಅಂತ ತೋರಿಸ್ತಾ ಐತೆ," ಎಂದ.

"ಯಾವ ಹೀಟ್ರು? ನಾವು ನೀರು ಕಾಯ್ಸೋದು ಒಲೇಲಿ ಕಣಪ್ಪ."

"ನಹೀ ಅಮ್ಮಾ, ಅದಲ್ಲ. ಹೊಗೆ ಹೋಗೋ ಪೈಪಲ್ಲಿ ಒಂದು ಮೂಗು ಇರ್ತೈತೆ. ಪೆಟ್ರೋಲು ಸರಿಯಾಗಿ ಸುಡ್ತಾ ಇಲ್ವಾ ಅಂತ ಮೂಸಿ ನೋಡಿ ಇಂಜಿನ್‌ಗೆ ಹೇಳೋದು ಅದೇ. ಆದ್ರೆ ಆ ಮೂಗು ಬಿಸಿ ಆಗೋಗಂಟ ಏನೂ ಹೇಳಲ್ಲ. ಬಿಸಿ ಮಾಡಕ್ಕೆ ಅದರೊಳಗೇ ಒಂದು ಪುಟ್ಟ ಹೀಟರ್. ಅದುಕ್ಕೆ ಕರೆಂಟ್ ಇಲ್ಲ ಅಂದ್ರೆ ಇಂಜಿನ್ನು ಅಂದಾಜಲ್ಲಿ ಪೆಟ್ರೋಲ್ ಸುರೀತೈತೆ."

ನನಗೆ ಚೆನ್ನಾಗಿ ಅರ್ಥವಾಯಿತು. ಬಿಸಿ ಆಗುವ ತನಕ ಬಾಯಿ ಬಿಡದವರ ಜೊತೆ ಬಾಳಿದವಳಲ್ಲವೇ ನಾನು.

ಅವನು ಆ ಮೂಗಿನ ವೈರು ಕಿತ್ತು ಮೀಟರಿನ ಎರಡು ಕಡ್ಡಿ ಇಟ್ಟು ನೋಡಿದ. ಹೀಟರು ಸರಿಯಾಗಿತ್ತು. ಆ ಮೂಗೇ ಮಧುಗಿರಿಯವರು ಹಾಕಿದ ಹೊಸ ಸೆನ್ಸರು, ಅದರದು ಏನೂ ತಪ್ಪಿಲ್ಲ. ಕಾರಿನ ಕಡೆಯಿಂದ ಕರೆಂಟು ಬರುತ್ತದೋ ಎಂದು ನೋಡಿದ. ಬರುತ್ತಿರಲಿಲ್ಲ, ಫ್ಯೂಸು ಸುಟ್ಟಿತ್ತು. ಬೇರೆ ಫ್ಯೂಸು ಹಾಕಿದ, ದೀಪ ಆರಿತು. ನಾಗರಾಜ ಹಲ್ಲು ಕಿಸಿದ. "ತಡೀರಿ," ಎಂದು ಬಾಷಾ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ಬೀದಿ ಕೊನೆಯ ಹಂಪು ಹಾರಿದ ಕೂಡಲೇ ಫ್ಯೂಸು ಮತ್ತೆ ಹೋಗಿತ್ತು. ಮಗ ನನ್ನ ಕಡೆ ನೋಡಿದ. ಆ ನೋಟದಲ್ಲಿ ಗುಜರಿ ಅಂಗಡಿಯ ತಕ್ಕಡಿ ಕಾಣಿಸಿತು.

"ಕುಲುಕಿದಾಗ ಹೋಯ್ತು ಅಂದ್ರೆ ವೈರು ಎಲ್ಲೋ ತಾಗ್ತಾ ಐತೆ," ಎಂದು ಬಾಷಾ ಬಾನೆಟ್ಟು ಎತ್ತಿ, ಹೇನು ಹುಡುಕುವವನ ಹಾಗೆ ಬಗ್ಗಿ ವೈರಿನ ಉದ್ದಕ್ಕೂ ಬೆರಳಾಡಿಸಿದ. ಒಂದು ಕಡೆ ನಿಲ್ಲಿಸಿದ. ಅಲ್ಲಿ ವೈರು ಜೋತು ಬಿದ್ದು ಬಿಸಿ ಪೈಪಿಗೆ ಒರಗಿ, ಅದರ ಚರ್ಮ ಕರಗಿ ತಾಮ್ರ ಕಾಣುತ್ತಿತ್ತು. ಮೇಲಿನ ಕೊಕ್ಕೆಯಲ್ಲಿ ಒಂದು ಕರಿ ದಾರದ ತುಂಡು ನೇತಾಡುತ್ತಿತ್ತು.

"ಇದುನ್ನ ಯಾರು ಕೊಯ್ದಿದ್ದು?" ಎಂದ. "ಚಾಚಾ ಕಟ್ಟಿದ್ದಲ್ವಾ ಇದು. ವೈರ್ ಹಿಡಿಯೋ ಕ್ಲಿಪ್ ಮುರಿದಿತ್ತು. ಬೇರೆ ತರಿಸ್ತೀನಿ ಅಂದೆ. ಪ್ಲಾಸ್ಟಿಕ್ಕು ಬಿಸಿಗೆ ಕರಗ್ತೈತೆ, ಕಂಬಳಿ ದಾರ ಕರಗಲ್ಲ, ಬುಡು ಅಂತ ಇಲ್ಲೇ ನಿಂತ್ಕೊಂಡು ಕಟ್ಟಿದ್ರು."

ಓದುವವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ದೃಷ್ಟಿ ತಾಗಬಾರದೆಂದು ಕರಿ ಕಂಬಳಿಯ ದಾರ ಕಟ್ಟುತ್ತೇವೆ. ಟ್ರ್ಯಾಕ್ಟರಿಗೆ, ತೊಟ್ಟಿಲಿಗೆ, ಕರೆಯುವ ಹಸುವಿನ ಕಾಲಿಗೆ, ಎಲ್ಲಕ್ಕೂ. ನಮ್ಮ ಯಜಮಾನರಿಗೆ ಅದೊಂದು ತಮಾಷೆ. ಕಾರಿಗೆ ಕಟ್ಟಿ ಎಂದು ನಾನು ಗೋಗರೆದರೂ, "ನಿನ್ನ ಕಣ್ಣಿಗಿಂತ ದೊಡ್ಡ ದೃಷ್ಟಿ ಯಾವುದೈತೆ, ಸುಮ್ಕಿರು," ಎನ್ನುತ್ತಿದ್ದರು. ಒಂದು ದಿನ ಕಾರಿನಲ್ಲೇ ಇರುತ್ತಿದ್ದ ನನ್ನ ಕಂಬಳಿಯ ಅಂಚು ಕಿತ್ತು ಬಾನೆಟ್ಟಿನೊಳಗೆ ಕಟ್ಟಿದ್ದು ಕಂಡಾಗ, ಅಂತೂ ಕದ್ದುಮುಚ್ಚಿಯಾದರೂ ನನ್ನ ಮಾತು ಕೇಳಿದರಲ್ಲ ಎಂದು ಒಳಗೊಳಗೇ ಬೀಗಿದ್ದೆ. ಅವರು ಹೋದ ಮೇಲೆ ಆಯುಧಪೂಜೆ ಬಂತು. ಸೂತಕದ ವರ್ಷ, ಪೂಜೆ ಇಲ್ಲ. ಮಗ ನೀರು ಹಾಕಲು ಬಾನೆಟ್ಟು ಎತ್ತಿದ್ದ. ಆ ದಾರ ಕಣ್ಣಿಗೆ ಬಿತ್ತು. ಮನುಷ್ಯನನ್ನೇ ಕಾಯದ್ದು ತಗಡನ್ನೇನು ಕಾಯುತ್ತದೆ ಎಂದು ಸಿಟ್ಟು ಬಂತು. ಕುಡುಗೋಲು ತಂದು ಕೊಯ್ದು ತಿಪ್ಪೆಗೆ ಎಸೆದೆ.

ಅದು ದೃಷ್ಟಿಯ ದಾರ ಆಗಿರಲೇ ಇಲ್ಲ. ನನ್ನ ಮಾತನ್ನು ಅವರು ಕೊನೆಯವರೆಗೂ ಕೇಳಿರಲಿಲ್ಲ. ಅವರು ಕಟ್ಟಿದ ಒಂದು ಗಂಟು ಅವರು ಹೋದ ಮೇಲೂ ದಿನವೂ ತನ್ನ ಕೆಲಸ ಮಾಡುತ್ತಿತ್ತು. ಅದನ್ನು ನಾನೇ ಕೊಯ್ದಿದ್ದೆ.

ಇಲಿ ಕಡಿದಿರಬೇಕು ಎನ್ನಲು ಬಾಯಿ ತೆರೆದೆ. ಮಾತು ಬರಲಿಲ್ಲ, ಬೇರೆ ಏನೋ ಬಂತು. ಹಳೇ ಟೈರಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಕಂಡವರು ಏನೆಂದುಕೊಂಡಾರು ಎಂಬ ನಾಚಿಕೆಯೂ ಇಲ್ಲದೆ ಅತ್ತೆ. ನಾಗರಾಜನಿಗೆ ಗಾಬರಿ, ಹುಟ್ಟಿದಾಗಿನಿಂದ ಅವನು ಕಂಡಿರದ ನೋಟ ಅದು. ಬಾಷಾ ಓಡಿಹೋಗಿ ಸೋಡಾ ತಂದ. "ಅಳಬೇಡಿ ಅಮ್ಮಾ, ಚಿಕ್ಕ ಕೆಲ್ಸ, ಒಂದು ಗೇಣು ವೈರ್ ಅಷ್ಟೇ," ಎಂದು ಸಮಾಧಾನ ಮಾಡಿದ. ಆ ಮಾತಿಗೆ ಅಳು ಇನ್ನೂ ಜಾಸ್ತಿ ಆಯಿತು.

ಅವನು ಸುಟ್ಟ ವೈರು ತೆಗೆದು ಹೊಸದು ಸೇರಿಸಿ, ಮೇಲೊಂದು ಕವಚ ಹಾಕಿ, ಹೊಸ ಕ್ಲಿಪ್ಪೂ ಹಾಕಿದ. ಎರಡು ಸಲ ಹಂಪು ಹಾರಿಸಿ ತಂದ. ದೀಪ ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನ್ನ ಕಂಬಳಿಯಿಂದ ಒಂದು ಎಳೆ ಕಿತ್ತು ಅವನಿಗೆ ಕೊಟ್ಟು, ಇದನ್ನೂ ಕಟ್ಟು ಎಂದೆ.

"ದೃಷ್ಟಿಗಾ ಅಮ್ಮಾ?"

"ವೈರಿಗೆ ಕಣಪ್ಪ."

ದಾರಿಯುದ್ದಕ್ಕೂ ಮಗ ಗುಜರಿಯ ಮಾತೆತ್ತಲಿಲ್ಲ, ನಾನು ಕಡಲೆಕಾಯಿಯ ಮಾತೆತ್ತಲಿಲ್ಲ. ಮನೆ ತಲುಪಿದಾಗ ಗಂಗಮ್ಮ ಜಗುಲಿಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ, "ಯಾಕತ್ತಿಗೆ, ಕಣ್ಣು ಇಂಗೆ ಊದ್ಕೊಂಡವೆ?" ಎಂದಳು.

"ಹೀಟರ್ ಸರ್ಕೀಟು ಹೋಗಿತ್ತು ಕಣೆ. ಈಗ ಬಿಸಿ ಆಗೈತೆ," ಎಂದೆ.

ಸಂಜೆಯೊಳಗೆ ಅವಳು ಬೀದಿಗೆಲ್ಲ, ನಮ್ಮತ್ತಿಗೆಗೆ ತಲೆ ಕೆಟ್ಟಿದೆ ಎಂದು ಹೇಳಿಕೊಂಡು ಬಂದಿದ್ದಳು. ಹೇಳಿಕೊಳ್ಳಲಿ. ಕಲ್ಲು ಎನ್ನಿಸಿಕೊಂಡು ಒಂದು ವರ್ಷ ಕಳೆದಾಯಿತು, ಇನ್ನು ಸ್ವಲ್ಪ ದಿನ ಹುಚ್ಚಿ ಎನ್ನಿಸಿಕೊಳ್ಳುತ್ತೇನೆ. ಈರುಳ್ಳಿ ಹೆಚ್ಚುವ ಕೆಲಸವನ್ನಂತೂ ಸೊಸೆಗೆ ಬಿಟ್ಟುಕೊಟ್ಟಿದ್ದೇನೆ.